ರತ್ನಕ್ಕನ ಮೂಗು

ಮೂಗಿಗೆ ಕರವಸ್ತ್ರ ಹಿಡಿದವರನ್ನು ಕಂಡರೆ ರತ್ನಕ್ಕನಿಗೆ ಆಗುತ್ತಿರಲಿಲ್ಲ. ಕಾಗದನಗರಕ್ಕೆ ಹೊಸದಾಗಿ ಬಂದವರು ಬಸ್ಸಿನಿಂದ ಇಳಿಯುತ್ತಲೇ ಮಾಡುತ್ತಿದ್ದ ಮೊದಲ ಕೆಲಸ ಅದೇ. ಭದ್ರಾವತಿಯ ಕಾಗದದ ಮಿಲ್ಲು ಇನ್ನೂ ನಡೆಯುತ್ತಿದ್ದ ಕಾಲ. ಮರದ ಚಕ್ಕೆ ಬೇಯುವ ಹೊತ್ತಿನಲ್ಲಿ ಗಾಳಿ ನಮ್ಮ ಕ್ವಾರ್ಟರ್ಸ್ ಕಡೆ ತಿರುಗಿದರೆ, ಕೊಳೆತ ಎಲೆಕೋಸಿನಂಥ ನಾತ ಅಡುಗೆಮನೆ, ದೇವರ ಮನೆ ಎಂದು ನೋಡದೆ ಎಲ್ಲ ಕಡೆ ಓಡಾಡುತ್ತಿತ್ತು. ಅಲ್ಲೇ ಹುಟ್ಟಿ ಬೆಳೆದ ನಮಗೆ ಅದು ನಾತ ಎಂದು ಹೊರಗಿನವರು ಹೇಳಿದ ಮೇಲೆಯೇ ಗೊತ್ತಾಗಬೇಕು. ನೆಂಟರು ಕರವಸ್ತ್ರ ತೆಗೆದರೆ ರತ್ನಕ್ಕ ಮೆಟ್ಟಿಲ ಮೇಲೆ ನಿಂತು, ಅವರಿಗೂ ಕೇಳುವಷ್ಟು ಜೋರಾಗಿ, ‘ಬಂದ್ರು ನೋಡೇ ಮೂಗು ಮುಚ್ಕೊಂಡು. ಇವರ ಮನೇಲಿ ದಿನಾ ಗಂಧದ ಚಕ್ಕೆ ಬೇಯಿಸ್ತಾರೇನೋ’ ಎನ್ನುತ್ತಿದ್ದಳು.

ನಮ್ಮದೂ ಅವರದೂ ಗೋಡೆಗೆ ಗೋಡೆ ತಾಗಿದ ಮನೆ. ಇಬ್ಬರ ಅಪ್ಪಂದಿರೂ ಮಿಲ್ಲಿನಲ್ಲೇ ಕೆಲಸಕ್ಕಿದ್ದರು. ನನಗಿಂತ ಬಹಳ ದೊಡ್ಡವಳಾದ ರತ್ನಕ್ಕ ನನ್ನ ತಲೆಯ ಹೇನು ಹೆಕ್ಕಿ, ಜಡೆ ಹೆಣೆದು, ಬೈದು, ಶಾಲೆಗೆ ಕಳಿಸುತ್ತಿದ್ದಳು. ಅವಳದು ಬರೀ ಸಹಿಸಿಕೊಳ್ಳುವ ಮೂಗಲ್ಲ, ಕೆಲಸ ಮಾಡುವ ಮೂಗು. ಅವರ ಮನೆಯಲ್ಲಿ ಕೂತುಕೊಂಡೇ ನನ್ನ ಅಮ್ಮನಿಗೆ, ‘ಅತ್ತೆ, ಇವತ್ತು ಒಗ್ಗರಣೆಗೆ ಇಂಗು ಮರ್ತಿದೀರ’ ಎಂದು ಕೂಗಿ ಹೇಳುತ್ತಿದ್ದಳು. ಅಮ್ಮ ಗೊಣಗಿಕೊಂಡು ಮತ್ತೆ ಒಗ್ಗರಣೆ ಸೌಟು ಒಲೆಗಿಡುತ್ತಿದ್ದರು. ಮಿಲ್ಲಿನ ಗಾಳಿ ಎಷ್ಟೇ ದಟ್ಟವಾಗಿರಲಿ, ಅದರ ಸಂದಿಯಲ್ಲೇ ಇಂಗು, ಸೀದ ಹಾಲು, ಒಣಗದ ಬಟ್ಟೆ ಎಲ್ಲವನ್ನೂ ಬೇರೆ ಬೇರೆ ಮಾಡಿ ಹಿಡಿಯುತ್ತಿದ್ದ ಮೂಗು ಅದು. ‘ಮಿಲ್ ಗಾಳಿ ಕುಡಿದ ಮೂಗು ಕಣೇ ಇದು, ಇದಕ್ಕೆ ಏನೂ ಆಗಲ್ಲ’ ಎಂಬುದು ಅವಳ ಮಾತು. ಅವಳೊಬ್ಬಳದ್ದೇ ಏನಲ್ಲ, ಕಾಗದನಗರದ ಅರ್ಧ ಜನ ಹಾಗೇ ಮಾತಾಡುತ್ತಿದ್ದರು. ನಾತ ಗೊತ್ತಾಗದಿರುವುದನ್ನೇ ಗಟ್ಟಿತನ ಎಂದುಕೊಂಡಿದ್ದ ಊರು ನಮ್ಮದು.

ಈ ಮೂಗಿನಿಂದಲೇ ಅವಳ ಮದುವೆಯೂ ಆಯಿತು. ಮೊದಲು ಹೆಣ್ಣು ನೋಡಲು ಬಂದವನು ಶಿವಮೊಗ್ಗದ ಎಂಜಿನಿಯರು. ಹುಡುಗ ಬೆಳ್ಳಗಿದ್ದ, ಮನೆತನ ಚೆನ್ನಾಗಿತ್ತು, ಅವಳ ಅಪ್ಪ ಆಗಲೇ ಒಳಗೊಳಗೇ ಲಗ್ನಪತ್ರಿಕೆ ಅಚ್ಚು ಹಾಕಿಸಿಬಿಟ್ಟಿದ್ದರು. ಆದರೆ ಹುಡುಗನ ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಕರವಸ್ತ್ರ. ತುತ್ತು ಹಾಕಿಕೊಳ್ಳುವಾಗ ಕರವಸ್ತ್ರ ಇಳಿಯುವುದು, ಅಗಿಯುವಾಗ ಏರುವುದು. ಬಾಗಿಲ ಮರೆಯಲ್ಲಿ ನಿಂತ ರತ್ನಕ್ಕ ಅವಳ ಅಮ್ಮನಿಗೆ, ‘ಇವನು ಹೆಣ್ಣು ನೋಡೋಕೆ ಬಂದಿದಾನೋ ಹೆಣ ನೋಡೋಕೆ ಬಂದಿದಾನೋ, ಕೇಳಿ ಕಳಿಸು’ ಎಂದಳು. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಎರಡನೆಯದಾಗಿ ಬಂದವರು ರುದ್ರಪ್ಪ ಭಾವ. ಚನ್ನಗಿರಿ ಕಡೆಯವರು, ಮಿಲ್ಲಿನ ಸ್ಟೋರ್ಸಿಗೆ ಆಗಷ್ಟೇ ಸೇರಿದ್ದರು. ಆ ದಿನ ಗಾಳಿ ನಮಗೇ ಗಂಟಲಲ್ಲಿ ಸಿಕ್ಕಿಕೊಳ್ಳುವ ಹಾಗಿತ್ತು. ಭಾವ ಕರವಸ್ತ್ರದ ಮಾತೇ ಎತ್ತದೆ ಎರಡು ತಟ್ಟೆ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ನಿಮ್ಮ ಮನೇಲಿ ಗಾಳಿ ಬೆಳಕು ಚೆನ್ನಾಗಿದೆ’ ಎಂದರು. ರತ್ನಕ್ಕ ಆ ಒಂದು ಮಾತಿಗೆ ಮರುಳಾಗಿ ಒಪ್ಪಿದಳು. ಮದುವೆಯಾದ ಮೇಲೆ ಒಂದು ದಿನ ಹಾಲು ಸೀದು ಪಾತ್ರೆ ಕರಕಲಾದರೂ ಪಕ್ಕದಲ್ಲೇ ಕೂತ ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ವಿಚಾರಿಸಿದರೆ, ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರದ ನಂತರ ಅವರಿಗೆ ವಾಸನೆಯೇ ತಿಳಿಯುವುದಿಲ್ಲವಂತೆ. ರತ್ನಕ್ಕ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ಕೂತು, ‘ಗಟ್ಟಿ ಮೂಗು ಅಂತ ಕಟ್ಕೊಂಡ್ರೆ ಮೂಗೇ ಇಲ್ಲ ಅತ್ತೆ. ಅದು ಬರೀ ಕನ್ನಡಕ ಇಡೋ ಸ್ಟ್ಯಾಂಡು’ ಎಂದಳು. ಅವತ್ತಿನಿಂದ ಆ ಮನೆಗೆಲ್ಲ ಅವಳದೇ ಮೂಗು. ಮೊಸರು ಹುಳಿಯಾಗಿದೆಯೇ, ಅಂಗಿ ಇನ್ನೊಂದು ದಿನ ನಡೆಯುತ್ತದೆಯೇ ಎಂದು ಭಾವ ಒಂದೊಂದನ್ನೂ ತಂದು ಅವಳ ಮುಖದ ಮುಂದೆ ಹಿಡಿಯುತ್ತಿದ್ದರು.

ಅವಳ ಕೂದಲಿನ ಬಗ್ಗೆಯೂ ಹೇಳಬೇಕು. ಬಾಚಣಿಗೆಯ ಹಲ್ಲು ಮುರಿಯುವಂಥ ಗುಂಗುರು. ಮುಷ್ಟಿ ತುಂಬ ಎಣ್ಣೆ ಹಚ್ಚಿ ತುರುಬು ಕಟ್ಟಿದರೂ ಕಿವಿಯ ಪಕ್ಕ ನಾಲ್ಕು ಎಳೆ ಸುರುಳಿ ಸುತ್ತಿಕೊಂಡು ನಿಲ್ಲುತ್ತಿದ್ದವು. ಅವಳ ಅಣ್ಣನ ಮಗಳು ಸ್ಪಂದನಾಳಿಗೂ ಅದೇ ಅಚ್ಚು. ಆ ಹುಡುಗಿ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ನೋಡಿ ರತ್ನಕ್ಕ, ‘ನನ್ನ ತಲೆ ಇನ್ನೊಂದು ಬಂತು, ಇನ್ನು ಪರವಾಗಿಲ್ಲ’ ಎಂದಿದ್ದಳಂತೆ.

ಇಂಥವಳು ಬ್ಯೂಟಿ ಪಾರ್ಲರ್ ಇಟ್ಟಳು. ಭಾವನಿಗೆ ಮಿಲ್ಲು ಕೊಟ್ಟ ಕ್ವಾರ್ಟರ್ಸಿನ ಮುಂದಿನ ಕೋಣೆಯೇ ಪಾರ್ಲರು. ಆಟದ ಮೈದಾನದ ಕಡೆಗೆ ದೊಡ್ಡ ಕಿಟಕಿ, ಅದಕ್ಕೆ ಹಳೆಯ ಸೀರೆಯ ಪರದೆ, ಒಂದು ತಿರುಗುವ ಕುರ್ಚಿ. ಹುಬ್ಬು ತೀಡುವುದು, ಫೇಶಿಯಲ್ಲು, ಮದುವೆ ಹೆಣ್ಣಿನ ಅಲಂಕಾರ. ಗಿರಾಕಿಗಳನ್ನು ಅವಳು ಮುಖದ ಮೇಲೇ ಹಂಗಿಸುತ್ತಿದ್ದಳು. ‘ಮುಖ ಇಷ್ಟೇ ಇರೋದು, ಎಷ್ಟು ತಿಕ್ಕಿದ್ರೂ ಇಷ್ಟೇ ಇರುತ್ತೆ. ಆಮೇಲೆ ಬಂದು ನನ್ನನ್ನ ಕೇಳಬಾರ್ದು’ ಎಂದು ಮೊದಲೇ ಹೇಳಿ ಕೆಲಸ ಶುರುಮಾಡುವ ಬ್ಯೂಟಿಷಿಯನ್ ಜಿಲ್ಲೆಯಲ್ಲೇ ಅವಳೊಬ್ಬಳಿದ್ದಳೋ ಏನೋ. ಆದರೂ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೈಸಿಕೊಂಡು ಚೆಂದವಾಗುವುದರಲ್ಲಿ ಏನೋ ಸುಖವಿರಬೇಕು.

ಮಿಲ್ಲು ಬಾಗಿಲು ಹಾಕಿತು. ಕ್ವಾರ್ಟರ್ಸ್ ಖಾಲಿಯಾಗುತ್ತ ಬಂತು. ರತ್ನಕ್ಕ ಮತ್ತು ಭಾವ ಶಿವಮೊಗ್ಗದ ಪಕ್ಕದ ಮಲವಗೊಪ್ಪದಲ್ಲಿ ಮನೆ ಮಾಡಿದರು. ಪಾರ್ಲರು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮಹಡಿಗೆ ಏರಿತು. ಮಹಡಿಗೆ ಏರಿದ ಮೇಲೆ ಅದನ್ನು ಪಾರ್ಲರ್ ಎನ್ನುವಂತಿಲ್ಲ, ಸಲೂನ್ ಎನ್ನಬೇಕು. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಕನ್ನಡಿ. ಆ ಕೋಣೆಗೂ ಒಂದು ಕಿಟಕಿಯಿತ್ತು. ಒಳಗಡೆಯಿಂದ ಅದರ ಮೇಲೆ ಕನ್ನಡಿ ಜಡಿದಿದ್ದರು. ಹೊರಗಡೆಯಿಂದ ಅದನ್ನು ಬೋರ್ಡು ಮುಚ್ಚಿತ್ತು. ಬೋರ್ಡಿನಲ್ಲಿ ಯಾವುದೋ ದೇಶದ ಹುಡುಗಿ ಇಸ್ತ್ರಿ ಮಾಡಿದ ಕೂದಲು ಹರಡಿಕೊಂಡು ದುರ್ಗಿಗುಡಿಯ ಟ್ರಾಫಿಕ್ ನೋಡುತ್ತಿದ್ದಳು.

ಅಷ್ಟು ಹೊತ್ತಿಗೆ ನಮ್ಮೂರಿಗೆ ನೇರ ಕೂದಲಿನ ಹುಚ್ಚು ಹಿಡಿದಿತ್ತು. ಕೆರಾಟಿನ್ನು, ಸ್ಮೂದನಿಂಗು, ಬೊಟಾಕ್ಸು, ನ್ಯಾನೊಪ್ಲಾಸ್ಟಿಯಾ ಎಂದು ವರ್ಷಕ್ಕೊಂದು ಹೊಸ ಹೆಸರು. ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ: ಏನೋ ಒಂದನ್ನು ಹಚ್ಚುವುದು, ಕಾದ ಇಸ್ತ್ರಿಯಲ್ಲಿ ಎಳೆಯುವುದು, ಎದ್ದ ಹೊಗೆಯನ್ನು ಎಲ್ಲರೂ ಹಂಚಿಕೊಂಡು ಕುಡಿಯುವುದು. ಇಲ್ಲಿಯ ಕಲ್ಯಾಣಮಂಟಪದಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದರೆ ಮುಂದಿನ ಸಾಲಿನ ತಲೆಗಳೆಲ್ಲ ಒಂದೇ ಥಾನಿನಲ್ಲಿ ಹರಿದ ಬಟ್ಟೆಯ ಹಾಗೆ ಕಾಣುತ್ತವೆ. ಯಾರು ಅಕ್ಕ, ಯಾರು ತಂಗಿ, ಯಾರು ಅತ್ತೆ ಎಂದು ಮುಖ ತಿರುಗಿಸುವವರೆಗೆ ಗೊತ್ತಾಗುವುದಿಲ್ಲ. ಮಾಡಿಸಿಕೊಂಡ ಮೇಲೆ ಮೂರು ದಿನ ತಲೆಗೆ ನೀರು ಸೋಕಿಸಬಾರದು, ಕ್ಲಿಪ್ಪು ಹಾಕಬಾರದು, ಕಿವಿಯ ಹಿಂದಕ್ಕೂ ಸರಿಸಬಾರದು. ಅಷ್ಟೂ ದಿನ ಹೆಣ್ಣುಮಕ್ಕಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡವರ ಹಾಗೆ ಓಡಾಡುತ್ತಾರೆ. ದೇವರಿಗೆ ಹೊತ್ತ ಹರಕೆಯನ್ನೂ ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಶಿವಮೊಗ್ಗದ ಹೊರಗಿನ ಸೋಗಾನೆಗೆ ವಿಮಾನ ಇಳಿಯತೊಡಗಿದ ಮೇಲೆ ನಮ್ಮೂರಿಗೆ ಬರುವ ಬೊಗಳೆಗೂ ವೇಗ ಬಂತು. ಟೈ ಕಟ್ಟಿದ ಒಬ್ಬ ಟ್ರೈನರ್ ವಿಮಾನದಲ್ಲೇ ಬಂದಿಳಿದು, ಹೋಟೆಲಿನ ಸಭಾಂಗಣದಲ್ಲಿ ಊರಿನ ಬ್ಯೂಟಿಷಿಯನ್ನುಗಳನ್ನೆಲ್ಲ ಕೂರಿಸಿಕೊಂಡು, ಕೂದಲಿಗೆ ಹಚ್ಚುವ ಬಾಟಲಿ ಎತ್ತಿ ತೋರಿಸಿ, ‘ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ, ನೂರಕ್ಕೆ ನೂರು ಸೇಫ್’ ಎಂದು ಹೇಳಿ, ಎಲ್ಲರಿಗೂ ಸರ್ಟಿಫಿಕೇಟು ಹಂಚಿ, ಸಂಜೆಯ ವಿಮಾನಕ್ಕೆ ಹೊರಟುಹೋದ. ಅವನು ಹೊಗೆಯ ಮುಂದೆ ನಿಂತದ್ದು ಒಂದೇ ಒಂದು ತಲೆಗೆ. ಅದೂ ಬಾಗಿಲ ಪಕ್ಕದಲ್ಲಿ. ರತ್ನಕ್ಕ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದಳು. ಅವಳಿಗೆ ಅದರ ಮೇಲೂ ಗೌರವವೇನಿರಲಿಲ್ಲ. ‘ಆ ಟೈ ಕಟ್ಟಿದೋನಿಗೆ ನೆಟ್ಟಗೆ ಜಡೆ ಹೆಣೆಯೋಕೆ ಬರಲ್ಲ ಕಣೇ, ನಂಗೆ ಪಾಠ ಹೇಳ್ತಾನೆ’ ಎಂದಳು. ಆದರೆ ಗಿರಾಕಿಗಳು ಕೇಳುತ್ತಿದ್ದದ್ದು ನೇರ ಕೂದಲನ್ನೇ. ಹುಬ್ಬು ತೀಡಿ ದುರ್ಗಿಗುಡಿಯ ಮಹಡಿ ಉಳಿಸಿಕೊಳ್ಳಲಾಗುವುದಿಲ್ಲ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಶನಿವಾರ ಹುಬ್ಬು ತೀಡಿಸಿಕೊಳ್ಳಲು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದವಳು ಅಲ್ಲೇ ನಿಂತೆ. ಕಣ್ಣು ಚುರ್ರೆಂದು ನೀರಾಯಿತು. ಆ ವಾಸನೆ ನನಗೆ ಗೊತ್ತು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ, ಮುಚ್ಚಳ ಬಿಗಿಯಾದ ಜಾಡಿಯಲ್ಲಿ, ಬೆಳ್ಳಗಾದ ಕಪ್ಪೆಯೊಂದು ಕೈಕಾಲು ಚಾಚಿ ಕೊಳೆಯದೆ ತೇಲುತ್ತಿರುತ್ತದಲ್ಲ, ಆ ಜಾಡಿಯ ವಾಸನೆ. ಒಳಗೆ ಮದುವೆ ಹೆಣ್ಣೊಬ್ಬಳು ಕುರ್ಚಿಯಲ್ಲಿ ಕೂತು ಗಳಗಳ ಕಣ್ಣೀರು ಸುರಿಸುತ್ತಿದ್ದಳು. ರತ್ನಕ್ಕ ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಅವಳ ಕೂದಲಿಗೆ ಇಸ್ತ್ರಿ ಎಳೆಯುತ್ತ, ‘ಅತ್ತುಬಿಡಮ್ಮ ಈಗಲೇ. ಗಂಡನ ಮನೆಗೆ ಹೋಗೋವಾಗ ಮೇಕಪ್ ಆದ್ರೂ ಉಳಿಯುತ್ತೆ’ ಎನ್ನುತ್ತಿದ್ದಳು. ಹುಡುಗಿಯ ಅಮ್ಮ ಸೋಫಾದಲ್ಲಿ ಕೂತು ಕೆಮ್ಮುತ್ತ ಕೆಮ್ಮುತ್ತಲೇ ಮಗಳ ಫೋಟೊ ತೆಗೆಯುತ್ತಿದ್ದರು.

ಅವರು ಹೋದ ಮೇಲೆ ನಾನು ಬಾಟಲಿ ಎತ್ತಿಕೊಂಡೆ. ಫಾರ್ಮಾಲ್ಡಿಹೈಡ್ ಇಲ್ಲ ಎಂದು ದಪ್ಪ ಅಕ್ಷರದಲ್ಲಿ, ಎಲೆಯ ಚಿತ್ರದ ಪಕ್ಕ ಬರೆದಿತ್ತು.

‘ಅಕ್ಕ, ರಾಗಿಹಿಟ್ಟಿನ ಪ್ಯಾಕೆಟ್ ಮೇಲೆ ಇಲಿಪಾಷಾಣ ಇಲ್ಲ ಅಂತ ಯಾರಾದ್ರೂ ಬರೀತಾರಾ?’

‘ಶುರುವಾಯ್ತು ನೋಡು ಲೆಕ್ಚರರಮ್ಮಂದು.’

‘ಬಾಟ್ಲಿ ಒಳಗೆ ತಣ್ಣಗಿರೋವಾಗ ಇಲ್ಲದೇ ಇರಬಹುದು. ಕಾದ ಇಸ್ತ್ರಿ ತಾಗಿದಾಗ ಅದೇ ಹುಟ್ಟುತ್ತೆ. ನಾವು ಕಪ್ಪೆ ಕೊಳೀದೇ ಇರಲಿ ಅಂತ ಹಾಕ್ತೀವಲ್ಲ, ಅದೇ. ಆ ಹುಡುಗಿ ವರ್ಷಕ್ಕೊಂದು ಸಲ ಬಂದು ಕುಡಿದು ಹೋಗ್ತಾಳೆ. ನೀನು ದಿನಾ ಕುಡೀತಿದೀಯ.’

‘ಮಿಲ್ ಗಾಳಿ ಕುಡಿದ ಮೂಗು ಮಾರಾಯ್ತಿ ಇದು. ಊರಿಗೆ ಊರೇ ನಾರ್ತಿದ್ದಾಗ ಏನಾಗ್ಲಿಲ್ಲ, ಒಂದು ಬಾಟ್ಲಿಗೆ ಹೆದರ್ತೀನಾ?’

‘ಅಲ್ಲಿ ಬಯಲಿತ್ತು, ಗಾಳಿ ಬೀಸ್ಕೊಂಡು ಹೋಗ್ತಿತ್ತು. ಇಲ್ಲಿ ಕಿಟಕಿಗೆ ಕನ್ನಡಿ ಜಡಿದು ಕೂತಿದೀಯ. ಅದನ್ನಾದ್ರೂ ತೆಗೆಸು. ಮುಖಕ್ಕೆ ಮಾಸ್ಕ್ ಹಾಕ್ಕೋ.’

‘ಮೂಗು ಮುಚ್ಕೊಂಡು ಕೆಲಸ ಮಾಡೋದಾ? ನಾನಾ?’ ಎಂದು ಅವಳು ನಕ್ಕಳು. ಆ ಎಂಜಿನಿಯರ್ ವರನನ್ನು ನೋಡಿ ನಕ್ಕ ಹಾಗೇ ನಕ್ಕಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಹೋದಾಗಲೆಲ್ಲ ಹೇಳಿದೆ. ಉಸಿರಿನ ಕೊಳವೆ ಕೆಡುವುದನ್ನು ಹೇಳಿದೆ, ಬಹಳ ಕಾಲ ಕುಡಿದರೆ ಕ್ಯಾನ್ಸರಿನ ಭಯವಿರುವುದನ್ನು ಹೇಳಿದೆ, ಹೊಸ ಬಾಟಲಿಗಳಲ್ಲಿರುವ ಆಮ್ಲ ನೆತ್ತಿಯಿಂದ ಇಳಿದು ಕಿಡ್ನಿಗೆ ಪೆಟ್ಟು ಕೊಟ್ಟದ್ದನ್ನು ವೈದ್ಯರು ಕಂಡಿದ್ದಾರೆ ಎಂದೂ ಹೇಳಿದೆ. ಅವಳು ಪ್ರತಿ ಸಲವೂ ನನ್ನ ಹುಬ್ಬನ್ನು ಬೇಕೆಂದೇ ಸ್ವಲ್ಪ ಜೋರಾಗಿ ಕಿತ್ತಳು.

‘ನಿನಗೆ ಅಷ್ಟು ನಂಬಿಕೆ ಇದ್ರೆ ನಿನ್ನ ತಲೆಗೇ ಯಾಕೆ ಮಾಡ್ಕೊಂಡಿಲ್ಲ?’ ಎಂದು ಒಂದು ಸಲ ಕೇಳಿದೆ.

‘ಸ್ವೀಟ್ ಅಂಗಡಿಯೋನು ಸ್ವೀಟ್ ತಿಂತಾನೇನೇ?’ ಎಂದಳು. ಆದರೆ ಸ್ವೀಟ್ ಅಂಗಡಿಯವನು ದಿನವಿಡೀ ಸಕ್ಕರೆಯನ್ನು ಉಸಿರಾಡಬೇಕಾಗಿಲ್ಲ. ಇವಳು ಕೂದಲಿಗೆ ಹಚ್ಚಿಕೊಳ್ಳದಿದ್ದದ್ದನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದಳು.

ಕೆಮ್ಮು ಬಂತು. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಮೆಟ್ಟಿಲು ಹತ್ತಿದರೆ, ಆಮೇಲೆ ನಕ್ಕರೂ. ನಗುವುದನ್ನೇ ಕಸುಬು ಮಾಡಿಕೊಂಡವಳಿಗೆ ಇದು ದೊಡ್ಡ ಪೆಟ್ಟು. ನಾನೇ ಬಲವಂತವಾಗಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಆಗಲೇ ತಲೆ ಬೋಳಾಗಿತ್ತು. ಊರು ಯಾವುದು ಎಂದು ಕೇಳಿದರು. ಕಾಗದನಗರ ಎಂದಳು.

‘ಓ, ಮಿಲ್ ಗಾಳಿಯಿಂದ ಏನಾದ್ರೂ...’ ಎಂದು ಅವರು ಶುರುಮಾಡುವಷ್ಟರಲ್ಲಿ ರತ್ನಕ್ಕ ಎದ್ದು ನಿಂತಳು.

‘ಮಿಲ್ ಬಾಗಿಲು ಹಾಕಿ ಎಷ್ಟು ವರ್ಷ ಆಯ್ತು ಡಾಕ್ಟ್ರೇ. ಸತ್ತವರ ಮೇಲೆ ದೂರು ಹೇಳಬೇಡಿ.’

‘ಆಯ್ತಮ್ಮ, ಕೂತ್ಕೊಳ್ಳಿ. ಕೆಲಸ ಏನು ಮಾಡ್ತೀರಿ?’

‘ಮನೇಲೇ ಇದೀನಿ.’

ನಾನು ನಡುವೆ ಬಾಯಿ ಹಾಕಿ ಸಲೂನಿನ ವಿಷಯ, ಕಿಟಕಿಯ ವಿಷಯ, ಇಸ್ತ್ರಿಯ ವಿಷಯ ಎಲ್ಲ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟರು. ‘ಇದೊಂದೇ ಕಾರಣ ಅಂತ ನಾನು ಬರೆದುಕೊಡೋಕಾಗಲ್ಲಮ್ಮ. ಆದ್ರೆ ಉಸಿರಿನ ಕೊಳವೆ ಊದ್ಕೊಂಡಿದೆ. ಇನ್ನು ಆ ಹೊಗೆಯಲ್ಲಿ ನಿಲ್ಲಬೇಡಿ. ನಿಲ್ಲಿಸಿದ್ರೆ ಇರೋದನ್ನ ಉಳಿಸ್ಕೋಬಹುದು’ ಎಂದರು. ರತ್ನಕ್ಕ ತಲೆ ಆಡಿಸಿ, ಔಷಧಿ ಚೀಟಿ ತೆಗೆದುಕೊಂಡು, ಹೊರಗೆ ಬಂದು ಆಟೊ ಹತ್ತುವಾಗ, ‘ಆ ಹುಡುಗನಿಗೆ ತಲೇಲಿ ಕೂದ್ಲೇ ಇಲ್ಲ. ಕೂದಲ ಸಂಗತಿ ಅವನಿಗೇನು ಗೊತ್ತು’ ಎಂದಳು. ಮರುದಿನ ಮತ್ತೆ ಇಸ್ತ್ರಿ ಹಿಡಿದಳು.

ಅವಳನ್ನು ನಿಲ್ಲಿಸಿದ್ದು ಡಾಕ್ಟರಲ್ಲ, ನಾನೂ ಅಲ್ಲ. ಒಂದು ಭಾನುವಾರ ಬೆಳಗ್ಗೆ ಮಲವಗೊಪ್ಪದ ಅವರ ಮನೆಗೆ ಹೋದೆ. ಗೇಟು ತೆಗೆಯುತ್ತಲೇ ಗ್ಯಾಸಿನ ವಾಸನೆ ಬಂತು. ಒಳಗೆ ಓಡಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸು ಹಾಗೇ ಬುಸ್ಸೆನ್ನುತ್ತಿತ್ತು. ಅದಕ್ಕೂ ಈಚೆಯ ಕೋಣೆಗೂ ಒಂದು ಪರದೆ ಅಡ್ಡ. ಪರದೆಯ ಈಚೆ ಭಾವ ಪೇಪರ್ ಓದುತ್ತಿದ್ದರು. ಅವರ ಎದುರಿಗೆ ರತ್ನಕ್ಕ ಅವರೆಕಾಳು ಸುಲಿಯುತ್ತ ಆರಾಮಾಗಿ ಕೂತಿದ್ದಳು. ದೇವರ ಮುಂದೆ ದೀಪ ಹಚ್ಚಬೇಕೆಂದು ಬೆಂಕಿಪೊಟ್ಟಣ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ನಾನು ಗ್ಯಾಸು ನಿಲ್ಲಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಬಂದು ಬೆಂಕಿಪೊಟ್ಟಣ ಎತ್ತಿಕೊಂಡೆ. ‘ಅಕ್ಕ, ವಾಸನೆ ಬರ್ಲಿಲ್ವಾ?’ ಎಂದೆ.

ಅವಳು ನನ್ನನ್ನು ನೋಡಿದಳು. ಎದ್ದು ಅಡುಗೆಮನೆಗೆ ಹೋದಳು. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದಳು. ಕಾಫಿಪುಡಿಯ ಡಬ್ಬಿ ಹಿಡಿದಳು. ಬೆಳ್ಳುಳ್ಳಿ ಒಂದನ್ನು ಉಗುರಿನಿಂದ ಜಜ್ಜಿ ಹಿಡಿದಳು. ಆಮೇಲೆ ಮೂರನ್ನೂ ಅಲ್ಲೇ ಬಿಟ್ಟು ಬಂದು ಕುಕ್ಕರಿಸಿದಳು. ಎಷ್ಟು ದಿನದಿಂದ ಹೀಗಿತ್ತೋ ಅವಳಿಗೇ ತಿಳಿದಿರಲಿಲ್ಲ. ಭಾವ ಪೇಪರ್ ಮಡಿಸಿ, ಬಹಳ ಮೆತ್ತಗೆ, ‘ಮನೇಲಿ ಮೂಗು ಅಂತ ಇದ್ದಿದ್ದು ನಿಂದೊಂದೇ ಅಲ್ವೇನೇ ರತ್ನ’ ಎಂದರು. ನನಗೆ ಅಳು ಬಂತು. ಸಿಟ್ಟೂ ಬಂತು. ಎಲೆಯ ಚಿತ್ರ ಹಾಕಿದ ಆ ಬಾಟಲಿಯನ್ನು ಟೈ ಕಟ್ಟಿದವನ ತಲೆಯ ಮೇಲೆ ಒಡೆಯಬೇಕೆನಿಸಿತು.

ಮರುವಾರ ಅವಳು ಬಡಗಿಯನ್ನು ಕರೆಸಿ ಕಿಟಕಿಯ ಮೇಲಿನ ಕನ್ನಡಿ ಕೀಳಿಸಿದಳು. ಹೊರಗಿನ ಬೋರ್ಡನ್ನೂ ಇಳಿಸಿದಳು. ಇನ್ನು ಇಸ್ತ್ರಿ ಕೆಲಸ ಇಲ್ಲ, ಹುಬ್ಬು, ಫೇಶಿಯಲ್ಲು, ಜಡೆ ಅಷ್ಟೇ ಎಂದಳು. ದುರ್ಗಿಗುಡಿಗೆ ಗಾಳಿ ಬಂತು, ಗಿರಾಕಿಗಳು ಹೋದರು. ಅವರು ಹೋದದ್ದು ಬಹಳ ದೂರವೇನಲ್ಲ, ಪಕ್ಕದ ಮಹಡಿಗೆ. ಬೈಸಿಕೊಂಡೇ ಅಷ್ಟು ವರ್ಷ ಬಂದವರು, ಅವಳು ಒಳ್ಳೆಯ ಮಾತು ಹೇಳತೊಡಗಿದ ಕೂಡಲೇ ಬಿಟ್ಟುಹೋದರು. ‘ನನ್ನ ಮೂಗು ತಿಂದ ಹೊಗೆ ಕಣ್ರಮ್ಮ ಅದು’ ಎಂದು ಅವಳು ಹೇಳಿದರೆ, ‘ನಿಮಗೆ ವಯಸ್ಸಾಯ್ತಲ್ಲ ಆಂಟಿ, ಅದಕ್ಕಿರಬಹುದು’ ಎನ್ನುತ್ತಿದ್ದರು. ನೇರವಾದದ್ದು ಕೂದಲು ಮಾತ್ರ.

ಆಗಲೇ ಸ್ಪಂದನಾಳಿಗೆ ಗಂಡು ಗೊತ್ತಾದದ್ದು. ಹುಡುಗಿ ಅತ್ತೆಯ ಕುರ್ಚಿಯಲ್ಲಿ ಬಂದು ಕೂತು, ‘ಅತ್ತೆ, ನನಗೊಂದು ಸಲ ಮಾಡ್ಕೊಡಿ. ನೀವೇ ಮಾಡಿದ್ರೆ ಚೆನ್ನಾಗಿ ಬರುತ್ತೆ. ಹುಡುಗನ ಮನೆಯವರು ಕೂದಲು ಹೀಗಿರೋದು ನೋಡಿ ಏನೋ ಅಂದ್ರಂತೆ’ ಎಂದಳು. ನಾನು ಅಲ್ಲೇ ಇದ್ದೆ.

ರತ್ನಕ್ಕ ಅವಳ ಗುಂಗುರಿನಲ್ಲಿ ಬೆರಳಾಡಿಸಿ, ‘ಏನಂದ್ರಂತೆ?’ ಎಂದು ಕೇಳಿದಳು.

‘ಸ್ವಲ್ಪ ಕಾಡುಕಾಡಾಗಿದೆ ಅಂದ್ರಂತೆ.’

‘ನನ್ನನ್ನ ನೋಡೋಕೂ ಒಬ್ಬ ಬಂದಿದ್ದ, ನಮ್ಮೂರ ಗಾಳಿ ಸರಿಯಿಲ್ಲ ಅಂತ. ಎಬ್ಬಿಸಿ ಕಳಿಸಿದ್ದೆ. ನೀನೂ ಕಳಿಸು.’

‘ಈಗ ಹಾಗೆಲ್ಲ ಆಗಲ್ಲ ಅತ್ತೆ.’

‘ನಿನ್ನ ತಲೆ ನನ್ನ ತಲೆ ಒಂದೇ ಅಚ್ಚು ಕಣೇ. ಅದನ್ನ ನೆಟ್ಟಗೆ ಮಾಡಿಸ್ಕೊಂಡು ನನ್ನ ಮನೆ ಮೆಟ್ಲು ಹತ್ತಬೇಡ’ ಎಂದು ರತ್ನಕ್ಕ ಹೇಳುವಷ್ಟರಲ್ಲಿ ಕೆಮ್ಮು ಬಂದು ಮಾತು ಮುರಿಯಿತು. ಹುಡುಗಿ ಮುಖ ಊದಿಸಿಕೊಂಡು ಇಳಿದುಹೋದಳು.

ಕೆಮ್ಮು ಹೋಗಲಿಲ್ಲ. ಡಾಕ್ಟರು ಹೇಳಿದ, ಉಳಿಸಿಕೊಳ್ಳಬಹುದಾಗಿದ್ದ ಕಾಲ ಅದಾಗಲೇ ದಾಟಿತ್ತು. ಅಂಗಡಿ ಮುಚ್ಚಿತು. ಧೂಳು, ಒಗ್ಗರಣೆ, ಅಗರಬತ್ತಿ ಯಾವುದೂ ಅವಳಿಗೆ ಆಗುತ್ತಿರಲಿಲ್ಲ. ವಾಸನೆ ತಿಳಿಯದಿದ್ದರೂ ಎದೆಗೆ ತಿಳಿಯುತ್ತಿತ್ತು. ಕೊನೆಗೆ ರತ್ನಕ್ಕನ ಕೈಗೇ ಕರವಸ್ತ್ರ ಬಂತು. ಹೊರಗೆ ಹೊರಟರೆ ಮೂಗು ಬಾಯಿ ಮುಚ್ಚಿ ಹಿಡಿದುಕೊಳ್ಳುತ್ತಿದ್ದಳು. ಅದನ್ನು ನೋಡಿ ಯಾರೂ ನಗಬಾರದೆಂದು ಎಲ್ಲರನ್ನೂ ಮೊದಲೇ ದುರುಗುಟ್ಟಿ ನೋಡುತ್ತಿದ್ದಳು.

ಒಂದು ದಿನ ಕಾಗದನಗರ ನೋಡಬೇಕು ಎಂದಳು. ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕರವಸ್ತ್ರ ಮುಖದ ಮೇಲೇ ಇತ್ತು. ಕ್ವಾರ್ಟರ್ಸಿನ ರಸ್ತೆಗೆ ತಿರುಗುತ್ತಿದ್ದ ಹಾಗೆ ಅದನ್ನು ತೆಗೆದು, ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ನೋಡಿಯೂ ನೋಡದವಳ ಹಾಗೆ ಕಾರು ಓಡಿಸಿದೆ.

ನಮ್ಮ ಎರಡೂ ಮನೆಗಳಿಗೆ ಬೀಗ ಬಿದ್ದಿತ್ತು. ಅವಳು ಪಾರ್ಲರ್ ಮಾಡಿಕೊಂಡಿದ್ದ ಮನೆಯ ಕಿಟಕಿಯ ಕದ ಮುರಿದು ಒಳಗಿನ ಬರಿ ಗೋಡೆ ಕಾಣುತ್ತಿತ್ತು. ಮೈದಾನದಲ್ಲಿ ಲಂಟಾನ ಬೆಳೆದಿತ್ತು. ರತ್ನಕ್ಕ ಹಳೆಯ ಮೆಟ್ಟಿಲ ಮೇಲೆ ಕೂತು, ಮುಖ ಮೇಲೆತ್ತಿ, ಸಿಕ್ಕಷ್ಟು ಉಸಿರು ಎಳೆದುಕೊಂಡಳು.

‘ಬರ್ತಿದೆಯೇನೇ?’

‘ಏನಕ್ಕ?’

‘ವಾಸನೆ.’

‘ಇಲ್ಲ. ಮಿಲ್ ನಿಂತು ಎಷ್ಟು ಕಾಲ ಆಯ್ತು. ಏನೂ ಬರ್ತಿಲ್ಲ.’

‘ನಿಜವಾಗ್ಲೂ?’

‘ನಿಜವಾಗ್ಲೂ.’

ಅವಳ ಮುಖದಲ್ಲಿ ಹಳೆಯ ಕೊಂಕು ನಗೆ ಬಂತು. ‘ನಂಗೂ ಬರ್ತಿಲ್ಲ. ನೋಡು ಲೆಕ್ಚರರಮ್ಮ, ಇಲ್ಲಿ ಕೂತ್ರೆ ನಿನ್ನ ಮೂಗಿಗೂ ನನ್ನ ಮೂಗಿಗೂ ಏನೂ ವ್ಯತ್ಯಾಸ ಇಲ್ಲ’ ಎಂದಳು. ನಗು ಕೆಮ್ಮಾಯಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದರೂ ಸೊಂಟದ ಕರವಸ್ತ್ರಕ್ಕೆ ಕೈ ಹಾಕಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ವಾಪಸು ಬರುವಾಗ, ಕ್ವಾರ್ಟರ್ಸು ಕಣ್ಣಿಗೆ ಮರೆಯಾದ ಮೇಲೆ, ಕರವಸ್ತ್ರವನ್ನು ಮತ್ತೆ ಮುಖಕ್ಕೆ ಹಿಡಿದಳು. ನಾವಿಬ್ಬರೂ ಹೊರಗೆ ಹೋದದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಬಂದ ನ್ಯುಮೋನಿಯಾವನ್ನು ಅವಳ ಎದೆ ತಡೆದುಕೊಳ್ಳಲಿಲ್ಲ.

ಮಣ್ಣು ಮಾಡಿ ಬಂದವರೆಲ್ಲ ಮಲವಗೊಪ್ಪದ ಮನೆಯ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ದೊಡ್ಡ ಹಂಡೆಯಲ್ಲಿ ನೀರು ಕಾದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಮಿಂದು, ಒದ್ದೆ ಕೂದಲು ಒರೆಸಿಕೊಳ್ಳುತ್ತ ಒಳಗೆ ಹೋಗುತ್ತಿದ್ದರು. ಸ್ಪಂದನಾ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಅತ್ತೂ ಅತ್ತೂ ಅವಳ ಮುಖ ಬಾತಿತ್ತು, ಆ ಅಳು ಸುಳ್ಳಲ್ಲ. ಆದರೆ ಹೆಗಲ ಎರಡೂ ಕಡೆ ಕೂದಲು ನೀರಿನ ಹಾಗೆ ನೇರವಾಗಿ ಇಳಿದುಬಿದ್ದಿತ್ತು.

‘ಸ್ನಾನ ಮಾಡಮ್ಮ, ನೀರು ಆರುತ್ತೆ’ ಎಂದೆ.

‘ತಲೆಗೆ ಬೇಡ ಆಂಟಿ, ಬರೀ ಮೈಗೆ ಹಾಕ್ಕೋತೀನಿ. ಮೊನ್ನೆ ಮಾಡಿಸಿದ್ದು. ಮೂರು ದಿನ ನೀರು ಸೋಕಿಸಬಾರ್ದಂತೆ. ಭಾನುವಾರ ನಿಶ್ಚಿತಾರ್ಥ ಬೇರೆ ಇತ್ತು, ಈಗ ಅದನ್ನೂ ಮುಂದಕ್ಕೆ ಹಾಕಿದಾರೆ.’

ಅವಳು ಹತ್ತಿರ ಬಂದು ನನ್ನ ಹೆಗಲ ಮೇಲೆ ತಲೆ ಇಟ್ಟು ಅಳತೊಡಗಿದಳು. ಕಪ್ಪೆಯ ಜಾಡಿಯ ವಾಸನೆ ಬಂತು. ನಾನು ಅವಳ ಬೆನ್ನು ಸವರಿದೆ. ಇನ್ನೊಂದು ಕೈ ತಾನಾಗಿ ಕರವಸ್ತ್ರ ಹುಡುಕಿತು. ರತ್ನಕ್ಕ ಮೆಟ್ಟಿಲ ಮೇಲೆ ನಿಂತು ಏನು ಅನ್ನುತ್ತಿದ್ದಳು ಎಂದು ಗೊತ್ತಿದ್ದೂ, ಅವಳ ಮನೆಯ ಹಿತ್ತಲಲ್ಲೇ ನಿಂತು, ಅದನ್ನು ಮೂಗಿಗೆ ಒತ್ತಿ ಹಿಡಿದುಕೊಂಡೆ.

ಮಿಂದು ಬಂದ ಭಾವ ಅದನ್ನು ನೋಡಿ ಗಾಬರಿಯಾಗಿ ಅಡುಗೆಮನೆಯ ಕಡೆ ತಿರುಗಿದರು. ‘ಏನು ಸವಿತಾ, ವಾಸನೆ ಬರ್ತಿದೆಯಾ? ಗ್ಯಾಸಾ?’

‘ಗ್ಯಾಸಲ್ಲ ಭಾವ.’

‘ಮತ್ತೆ ಯಾತರದು?’

‘ಅಕ್ಕನ ಅಂಗಡೀದು’ ಎಂದೆ.